ಪೊಲೀಸ್ ಯಾರ ಅಧೀನ? ಕೇಂದ್ರ ಮತ್ತು ರಾಜ್ಯಗಳ ಅಧಿಕಾರ ಹಂಚಿಕೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ದೊಡ್ಡ ಪ್ರಕರಣವೊಂದು ನಡೆದಾಗಲೆಲ್ಲ ಅದನ್ನು ಸಿಬಿಐಗೆ ಒಪ್ಪಿಸಿ ಎಂದು ವಿರೋಧ ಪಕ್ಷ ಒತ್ತಾಯಿಸುವುದು, ನಮ್ಮ ಪೊಲೀಸರೇ ಸಮರ್ಥರಿದ್ದಾರೆ ಎಂದು ಗೃಹ ಸಚಿವರು ಉತ್ತರಿಸುವುದು ನಮಗೆ ರೂಢಿಯಾಗಿಬಿಟ್ಟಿದೆ. ಪಕ್ಷಗಳು ಜಾಗ ಬದಲಿಸಿದರೆ ಮಾತುಗಳೂ ಜಾಗ ಬದಲಿಸುತ್ತವೆ. ಈ ಗದ್ದಲದಲ್ಲಿ ಕಾನೂನು ನಿಜಕ್ಕೂ ಏನು ಹೇಳುತ್ತದೆ ಎಂಬುದು ಮರೆಗೆ ಸರಿಯುತ್ತದೆ. ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದ್ದು, ಉದಾಹರಣೆಗಳನ್ನು ಸಾಧ್ಯವಾದ ಕಡೆಯಲ್ಲೆಲ್ಲ ಕರ್ನಾಟಕದಿಂದಲೇ ಆಯ್ದುಕೊಳ್ಳಲಾಗಿದೆ.

ಸಂವಿಧಾನದ ಪ್ರಕಾರ ಪೊಲೀಸ್ ವ್ಯವಸ್ಥೆ ಯಾರಿಗೆ ಸೇರಿದ್ದು?

ರಾಜ್ಯಗಳಿಗೆ. ಸಂವಿಧಾನದ 246ನೇ ವಿಧಿಯ ಮೇರೆಗೆ ಶಾಸನ ರಚನೆಯ ವಿಷಯಗಳನ್ನು ಏಳನೇ ಅನುಸೂಚಿಯ ಮೂರು ಪಟ್ಟಿಗಳಲ್ಲಿ ಹಂಚಲಾಗಿದೆ. ಅವುಗಳಲ್ಲಿ ರಾಜ್ಯ ಪಟ್ಟಿಯ ಮೊದಲ ನಮೂದೇ ಸಾರ್ವಜನಿಕ ಸುವ್ಯವಸ್ಥೆ; ಎರಡನೆಯದು ರೈಲ್ವೆ ಪೊಲೀಸ್ ಮತ್ತು ಗ್ರಾಮ ಪೊಲೀಸರನ್ನೂ ಒಳಗೊಂಡಂತೆ ಪೊಲೀಸ್. ಠಾಣೆ ಎಲ್ಲಿರಬೇಕು, ಎಷ್ಟು ಕಾನ್‌ಸ್ಟೆಬಲ್‌ಗಳನ್ನು ನೇಮಿಸಿಕೊಳ್ಳಬೇಕು, ಅವರ ಸಂಬಳವೆಷ್ಟು, ಯಾವ ಇನ್‌ಸ್ಪೆಕ್ಟರನ್ನು ಎಲ್ಲಿಗೆ ವರ್ಗ ಮಾಡಬೇಕು ಎಂಬುದೆಲ್ಲ ರಾಜ್ಯ ಸರ್ಕಾರದ ತೀರ್ಮಾನ. ಕರ್ನಾಟಕದಲ್ಲಿ ಇದಕ್ಕೆ ಆಧಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆ.

ಈ ಏರ್ಪಾಡು 1950ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ. 1935ರ ಭಾರತ ಸರ್ಕಾರ ಕಾಯ್ದೆಯಲ್ಲೂ ಪೊಲೀಸ್ ವಿಷಯ ಪ್ರಾಂತಗಳ ಪಟ್ಟಿಯಲ್ಲೇ ಇತ್ತು. ಸಂವಿಧಾನ ರಚಿಸಿದವರು ಕೇಂದ್ರವನ್ನು ಹಲವು ಕಡೆ ಬಲಪಡಿಸಿದರೂ ಊರಿನ ಠಾಣೆಯನ್ನು ಮಾತ್ರ ರಾಜ್ಯದ ಕೈಯಲ್ಲೇ ಬಿಟ್ಟರು.

ಪೊಲೀಸ್ ರಾಜ್ಯದ್ದಾದರೆ ಅವರು ಜಾರಿಗೊಳಿಸುವ ಅಪರಾಧ ಕಾನೂನನ್ನು ಸಂಸತ್ತು ಮಾಡುವುದು ಹೇಗೆ?

ಅಪರಾಧ ಕಾನೂನು ಮತ್ತು ಅಪರಾಧ ವಿಚಾರಣಾ ವಿಧಾನ ಸಮವರ್ತಿ ಪಟ್ಟಿಯ ಮೊದಲೆರಡು ವಿಷಯಗಳು. ಅವುಗಳ ಮೇಲೆ ಸಂಸತ್ತೂ ವಿಧಾನಮಂಡಲವೂ ಕಾನೂನು ಮಾಡಬಹುದು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮತ್ತು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಗಳನ್ನು ರಚಿಸಿದ್ದು ಸಂಸತ್ತು. ಅವುಗಳ ಪ್ರಕಾರ ಎಫ್‌ಐಆರ್ ಬರೆದುಕೊಳ್ಳುವವರು, ಮಹಜರು ಮಾಡುವವರು, ಆರೋಪಪಟ್ಟಿ ಸಲ್ಲಿಸುವವರು ರಾಜ್ಯದ ಪೊಲೀಸರು. ಕಾನೂನು ಒಂದು ಕಡೆಯದು, ಅದನ್ನು ನಡೆಸುವ ಕೈ ಇನ್ನೊಂದು ಕಡೆಯದು. ಹೊಸ ಸಂಹಿತೆಗಳು ಕೇಳುವ ವಿಡಿಯೊ ಚಿತ್ರೀಕರಣಕ್ಕೂ ವಿಧಿವಿಜ್ಞಾನ ತಜ್ಞರ ಸ್ಥಳಭೇಟಿಗೂ ಬೇಕಾದ ಸಿಬ್ಬಂದಿಯನ್ನು ಒದಗಿಸುವ ಹೊರೆ ಹೆಚ್ಚಾಗಿ ರಾಜ್ಯಗಳ ಮೇಲೆ ಬಿದ್ದಿರುವುದೂ ಇದೇ ಕಾರಣಕ್ಕೆ.

ರಾಜ್ಯವು ಇದೇ ಕ್ಷೇತ್ರದಲ್ಲಿ ಬೇರೆ ದಾರಿ ಹಿಡಿಯಬೇಕೆಂದರೆ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ. ಸಂಘಟಿತ ಅಪರಾಧಗಳ ವಿರುದ್ಧ ಕರ್ನಾಟಕ 2000ದಲ್ಲಿ ಮಾಡಿಕೊಂಡ ಕಾಯ್ದೆ, ಅಂದರೆ ಪತ್ರಿಕೆಗಳು ಕೋಕಾ ಎಂದು ಕರೆಯುವ ಕಾನೂನು, ಇಂತಹದ್ದು.

ಹಾಗಾದರೆ ಕೇಂದ್ರಕ್ಕೆ ಪೊಲೀಸ್ ಅಧಿಕಾರ ಎಲ್ಲಿಂದ ಬರುತ್ತದೆ?

ಸಾಮಾನ್ಯ ಪೊಲೀಸ್ ಅಧಿಕಾರ ಕೇಂದ್ರಕ್ಕೆ ಇಲ್ಲ. ದೆಹಲಿಯಂತಹ ಕೇಂದ್ರಾಡಳಿತ ಪ್ರದೇಶಗಳ ಮಾತು ಬೇರೆ. ರಾಜ್ಯದೊಳಗೆ ಕೇಂದ್ರ ಕಾಲಿಡುವುದು ನಿರ್ದಿಷ್ಟ ಅಪರಾಧವನ್ನು ತನಿಖೆ ಮಾಡುವ ಸಂಸ್ಥೆಯ ಮೂಲಕ, ನಾಗರಿಕ ಆಡಳಿತದ ನೆರವಿಗೆ ಕಳಿಸುವ ಸಶಸ್ತ್ರ ಪಡೆಯ ಮೂಲಕ, ಇಲ್ಲವೇ ತಾನೇ ನೇಮಿಸಿದ ಐಪಿಎಸ್ ಅಧಿಕಾರಿಯ ಮೂಲಕ. ಪ್ರತಿಯೊಂದಕ್ಕೂ ಬೇರೆ ಬೇರೆ ಕಾನೂನಿನ ಆಧಾರವಿದೆ, ಬೇರೆ ಬೇರೆ ಮಿತಿಯಿದೆ. ಕೇಂದ್ರ ಬಂತು ಎಂಬ ಸುದ್ದಿ ಓದಿದಾಗ ಯಾವ ಕಾಯ್ದೆಯ ಯಾವ ಕಲಂ ಅಡಿ ಬಂತು ಎಂದು ಕೇಳಿಕೊಂಡರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಸಿಬಿಐ ತನಿಖೆಗೆ ರಾಜ್ಯದ ಒಪ್ಪಿಗೆ ಏಕೆ ಬೇಕು?

ಸಿಬಿಐ ಎಂಬ ಹೆಸರಿನ ಕಾಯ್ದೆಯೇ ಇಲ್ಲ. 1963ರ ಏಪ್ರಿಲ್ 1ರಂದು ಕೇಂದ್ರ ಗೃಹ ಸಚಿವಾಲಯದ ಒಂದು ನಿರ್ಣಯದಿಂದ ಹುಟ್ಟಿದ ಈ ಸಂಸ್ಥೆಗೆ ತನಿಖೆಯ ಅಧಿಕಾರ ಕೊಡುವುದು 1946ರ ದೆಹಲಿ ವಿಶೇಷ ಪೊಲೀಸ್ ಸ್ಥಾಪನಾ ಕಾಯ್ದೆ. ಮೂಲತಃ ಅದು ದೆಹಲಿಗಾಗಿ ಮಾಡಿದ ಪೊಲೀಸ್ ಪಡೆ. ಕೇಂದ್ರ ಸರ್ಕಾರ ಅದರ ವ್ಯಾಪ್ತಿಯನ್ನು 5ನೇ ಕಲಂ ಅಡಿ ಬೇರೆ ರಾಜ್ಯಗಳಿಗೂ ವಿಸ್ತರಿಸಬಹುದಾದರೂ, ಆಯಾ ರಾಜ್ಯ ಸರ್ಕಾರದ ಸಮ್ಮತಿ ಇಲ್ಲದೆ ಅದರ ಸದಸ್ಯರು ಅಲ್ಲಿ ಅಧಿಕಾರ ಚಲಾಯಿಸುವಂತಿಲ್ಲ ಎಂದು 6ನೇ ಕಲಂ ಹೇಳುತ್ತದೆ. ಇದರ ಬೇರು ಸಂವಿಧಾನದಲ್ಲೇ ಇದೆ: ಒಂದು ಪ್ರದೇಶದ ಪೊಲೀಸರಿಗೆ ಇನ್ನೊಂದು ರಾಜ್ಯದಲ್ಲಿ ಅಧಿಕಾರ ಕೊಡಬೇಕಾದರೆ ಆ ರಾಜ್ಯದ ಒಪ್ಪಿಗೆ ಬೇಕು ಎಂಬ ಷರತ್ತು ಕೇಂದ್ರ ಪಟ್ಟಿಯ 80ನೇ ನಮೂದಿನಲ್ಲಿದೆ.

ಪ್ರತಿ ಪ್ರಕರಣಕ್ಕೂ ಪತ್ರ ಬರೆಯುವುದು ತೊಡಕಿನ ಕೆಲಸವೆಂದು ರಾಜ್ಯಗಳು ಕೆಲವು ಬಗೆಯ ಅಪರಾಧಗಳಿಗೆ ಮುಂಚಿತವಾಗಿಯೇ ಸಾಮಾನ್ಯ ಸಮ್ಮತಿ ಕೊಟ್ಟಿರುತ್ತವೆ. ಹಲವು ವರ್ಷ ಇದು ಯಾರ ಗಮನವನ್ನೂ ಸೆಳೆಯದ ಕಡತದ ವಿಷಯವಾಗಿತ್ತು. 2018ರಿಂದೀಚೆಗೆ ಒಂದರ ಹಿಂದೆ ಒಂದು ರಾಜ್ಯ ಸಮ್ಮತಿಯನ್ನು ಹಿಂತೆಗೆದುಕೊಳ್ಳತೊಡಗಿತು. ಮಹಾರಾಷ್ಟ್ರವಂತೂ 2020ರಲ್ಲಿ ಹಿಂತೆಗೆದುಕೊಂಡು, ಸರ್ಕಾರ ಬದಲಾದ ಮೇಲೆ 2022ರಲ್ಲಿ ಮರಳಿ ಕೊಟ್ಟಿತು. ಸಮ್ಮತಿಯ ಪ್ರಶ್ನೆಯಲ್ಲಿ ಸಿದ್ಧಾಂತಕ್ಕಿಂತ ಬೆಂಗಳೂರು, ಮುಂಬೈ, ಕೋಲ್ಕತ್ತದಲ್ಲಿ ಯಾರ ಸರ್ಕಾರ ಇದೆ ಎಂಬುದೇ ಹೆಚ್ಚು ಕೆಲಸ ಮಾಡುತ್ತಿದೆ ಎಂದು ಹೇಳಲು ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

2024ರಲ್ಲಿ ಕರ್ನಾಟಕ ಸಮ್ಮತಿ ಹಿಂತೆಗೆದುಕೊಂಡಿತಲ್ಲ, ಈಗ ಸಿಬಿಐ ಇಲ್ಲಿಗೆ ಬರುವಂತೆಯೇ ಇಲ್ಲವೇ?

ಬರಬಹುದು. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಸಾಮಾನ್ಯ ಸಮ್ಮತಿಯನ್ನು ಹಿಂಪಡೆಯಲು ತೀರ್ಮಾನಿಸಿದಾಗ ಎರಡೂ ಕಡೆಯವರು ಅದಕ್ಕೆ ಇರುವುದಕ್ಕಿಂತ ಹೆಚ್ಚಿನ ತೂಕ ಕೊಟ್ಟರು. ಹಿಂತೆಗೆತ ಮುಂದಿನ ಪ್ರಕರಣಗಳಿಗೆ ಮಾತ್ರ ಅನ್ವಯಿಸುತ್ತದೆ; ಸಮ್ಮತಿ ಜಾರಿಯಲ್ಲಿದ್ದಾಗ ಆರಂಭವಾದ ತನಿಖೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 1994ರಲ್ಲೇ, ಸಿಕ್ಕಿಂನ ಪ್ರಕರಣವೊಂದರಲ್ಲಿ, ಹೇಳಿದೆ. ನಿರ್ದಿಷ್ಟ ಪ್ರಕರಣಕ್ಕೆ ಒಪ್ಪಿಗೆ ಕೊಡುವ ಅವಕಾಶ ರಾಜ್ಯಕ್ಕೆ ಯಾವಾಗಲೂ ಇದ್ದೇ ಇದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟ್‌ಗಳು ರಾಜ್ಯದ ಸಮ್ಮತಿ ಇಲ್ಲದಿದ್ದರೂ ಸಿಬಿಐ ತನಿಖೆಗೆ ಆದೇಶಿಸಬಹುದು. ಪಶ್ಚಿಮ ಬಂಗಾಳ ಸರ್ಕಾರ ಇದು ಒಕ್ಕೂಟ ವ್ಯವಸ್ಥೆಗೆ ವಿರುದ್ಧ ಎಂದು ವಾದಿಸಿದಾಗ, 2010ರ ಫೆಬ್ರವರಿಯಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಆ ವಾದವನ್ನು ತಳ್ಳಿಹಾಕಿತು. ಆದರೆ ಈ ಅಧಿಕಾರವನ್ನು ಅಪರೂಪಕ್ಕೆ, ಅಸಾಧಾರಣ ಸಂದರ್ಭಗಳಲ್ಲಿ ಮಾತ್ರ ಬಳಸಬೇಕೆಂದು ಎಚ್ಚರಿಸಿತು. ಬಳ್ಳಾರಿಯ ಅಕ್ರಮ ಗಣಿಗಾರಿಕೆಯಲ್ಲಿ ಸಿಬಿಐ ತನಿಖೆಗೆ ಸುಪ್ರೀಂ ಕೋರ್ಟ್ ನಿರ್ದೇಶಿಸಿದ್ದನ್ನು ನಾವು ಕಂಡಿದ್ದೇವೆ. ಸಮ್ಮತಿ ಹಿಂತೆಗೆದರೆ ಮುಚ್ಚುವುದು ಕೇಂದ್ರ ತಾನಾಗಿ ಬರುವ ಬಾಗಿಲು ಮಾತ್ರ.

ಎನ್‌ಐಎಗೂ ಸಮ್ಮತಿ ಬೇಕೇ?

ಬೇಡ. ನನ್ನ ಎಣಿಕೆಯಲ್ಲಿ ಇಡೀ ಹಂಚಿಕೆಯಲ್ಲಿ ಹೆಚ್ಚು ಗಮನ ಬೇಡುವ ಜಾಗ ಇದೇ, ಆದರೆ ಸಿಬಿಐಗೆ ಸಿಗುವ ಚರ್ಚೆಯ ಕಾಲುಭಾಗವೂ ಇದಕ್ಕೆ ಸಿಗುವುದಿಲ್ಲ.

2008ರ ನವೆಂಬರ್ 26ರ ಮುಂಬೈ ದಾಳಿಯಾದ ಒಂದೇ ತಿಂಗಳಲ್ಲಿ ಸಂಸತ್ತು ರಾಷ್ಟ್ರೀಯ ತನಿಖಾ ಸಂಸ್ಥೆ ಕಾಯ್ದೆಯನ್ನು ಅಂಗೀಕರಿಸಿತು. ಅದರ 6ನೇ ಕಲಂ ಕೆಲಸ ಮಾಡುವ ರೀತಿ ಹೀಗಿದೆ. ಕಾಯ್ದೆಯ ಅನುಸೂಚಿಯಲ್ಲಿರುವ ಅಪರಾಧ, ಉದಾಹರಣೆಗೆ ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆ (ಯುಎಪಿಎ) ಅಡಿಯ ಪ್ರಕರಣ, ಯಾವುದೇ ಠಾಣೆಯಲ್ಲಿ ದಾಖಲಾದರೆ ಠಾಣಾಧಿಕಾರಿ ಕೂಡಲೇ ರಾಜ್ಯ ಸರ್ಕಾರಕ್ಕೆ ವರದಿ ಕಳಿಸಬೇಕು. ರಾಜ್ಯ ಸರ್ಕಾರ ಅದನ್ನು ಕೇಂದ್ರಕ್ಕೆ ಕಳಿಸಬೇಕು. ವರದಿ ತಲುಪಿದ 15 ದಿನಗಳೊಳಗೆ ಅದು ಎನ್‌ಐಎ ತನಿಖೆಗೆ ತಕ್ಕದ್ದೇ ಎಂಬುದನ್ನು ಕೇಂದ್ರ ತೀರ್ಮಾನಿಸಬೇಕು. ಇದಿಷ್ಟೇ ಆಗಿದ್ದರೆ ರಾಜ್ಯಕ್ಕೆ ಕನಿಷ್ಠ ಮೊದಲ ಮಾತಾದರೂ ಇರುತ್ತಿತ್ತು. ಆದರೆ ಅದೇ ಕಲಂನ 5ನೇ ಉಪಕಲಂ, ರಾಜ್ಯದ ವರದಿ ಬರಲಿ ಬಿಡಲಿ, ಕೇಂದ್ರ ಸ್ವಯಂಪ್ರೇರಣೆಯಿಂದ ಎನ್‌ಐಎಗೆ ಪ್ರಕರಣ ಒಪ್ಪಿಸಬಹುದು ಎನ್ನುತ್ತದೆ. ಒಪ್ಪಿಸಿದ ಮೇಲೆ ರಾಜ್ಯ ಪೊಲೀಸರು ತನಿಖೆ ಮುಂದುವರಿಸುವಂತಿಲ್ಲ. ದಾಖಲೆಗಳನ್ನು ತಡಮಾಡದೆ ಹಸ್ತಾಂತರಿಸಬೇಕು. ರಾಜ್ಯದೊಂದಿಗೆ ಸಮಾಲೋಚಿಸಬೇಕೆಂಬ ಒಂದು ಸಾಲು ಕೂಡ ಅಲ್ಲಿಲ್ಲ.

2024ರ ಮಾರ್ಚ್ 1ರಂದು ಬೆಂಗಳೂರಿನ ರಾಮೇಶ್ವರಂ ಕೆಫೆಯಲ್ಲಿ ನಡೆದ ಸ್ಫೋಟದ ಎಫ್‌ಐಆರ್ ದಾಖಲಾದದ್ದು ಎಚ್‌ಎಎಲ್ ಪೊಲೀಸ್ ಠಾಣೆಯಲ್ಲಿ. ನಗರ ಪೊಲೀಸರ ಕೇಂದ್ರ ಅಪರಾಧ ವಿಭಾಗ (ಸಿಸಿಬಿ) ತನಿಖೆ ಶುರು ಮಾಡಿತು. ಕೆಲವೇ ದಿನಗಳಲ್ಲಿ ಪ್ರಕರಣ ಎನ್‌ಐಎ ಕೈ ಸೇರಿತು. ಏಪ್ರಿಲ್‌ನಲ್ಲಿ ಪ್ರಮುಖ ಆರೋಪಿಗಳು ಸೆರೆಸಿಕ್ಕಿದ್ದು ಪಶ್ಚಿಮ ಬಂಗಾಳದಲ್ಲಿ. ಹಲವು ರಾಜ್ಯಗಳಿಗೆ ಹರಡಿದ ಇಂತಹ ಪ್ರಕರಣಕ್ಕೆ ರಾಷ್ಟ್ರಮಟ್ಟದ ಸಂಸ್ಥೆಯೇ ಸೂಕ್ತ ಎಂಬುದರಲ್ಲಿ ವಿವಾದವಿರಲಿಲ್ಲ. 2022ರ ಜುಲೈನಲ್ಲಿ ದಕ್ಷಿಣ ಕನ್ನಡದ ಬೆಳ್ಳಾರೆಯಲ್ಲಿ ನಡೆದ ಕೊಲೆಯ ತನಿಖೆಯನ್ನಂತೂ ಎನ್‌ಐಎಗೆ ವಹಿಸುವಂತೆ ರಾಜ್ಯ ಸರ್ಕಾರವೇ ಕೋರಿತ್ತು. ಅತ್ತ ಮಹಾರಾಷ್ಟ್ರದಲ್ಲಿ ಭೀಮಾ ಕೋರೆಗಾಂವ್ ಪ್ರಕರಣವನ್ನು ಪುಣೆ ಪೊಲೀಸರು ಸುಮಾರು ಎರಡು ವರ್ಷ ತನಿಖೆ ನಡೆಸಿದ ಮೇಲೆ, ಹೊಸ ರಾಜ್ಯ ಸರ್ಕಾರ ಅದನ್ನು ಮರುಪರಿಶೀಲಿಸುವ ಮಾತಾಡುತ್ತಿರುವಾಗಲೇ, 2020ರ ಜನವರಿಯಲ್ಲಿ ಎನ್‌ಐಎಗೆ ವರ್ಗಾಯಿಸಲಾಯಿತು. ಕಲಂ ಒಂದೇ ಆದರೂ ಪರಿಣಾಮ ಎಷ್ಟು ಬೇರೆ ಎಂಬುದನ್ನು ಇವು ತೋರಿಸುತ್ತವೆ. 2019ರ ತಿದ್ದುಪಡಿಯು ಮಾನವ ಕಳ್ಳಸಾಗಣೆ, ನಿಷೇಧಿತ ಶಸ್ತ್ರಾಸ್ತ್ರ, ಸೈಬರ್ ಭಯೋತ್ಪಾದನೆಗಳನ್ನೂ ಅನುಸೂಚಿಗೆ ಸೇರಿಸಿದ ಮೇಲೆ ಈ ಕಲಂನ ಹರವು ಇನ್ನಷ್ಟು ಹಿಗ್ಗಿದೆ. ಈ ಕಾಯ್ದೆ ರಾಜ್ಯದ ಪೊಲೀಸ್ ಅಧಿಕಾರವನ್ನು ಕಸಿಯುತ್ತದೆಂದು ಛತ್ತೀಸಗಢ ಸರ್ಕಾರ 2020ರಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ದಾವೆ ಹೂಡಿತ್ತು.

ಜಾರಿ ನಿರ್ದೇಶನಾಲಯ ಪೊಲೀಸ್ ಸಂಸ್ಥೆಯೇ?

ಕಾನೂನಿನ ದೃಷ್ಟಿಯಲ್ಲಿ ಅಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ 2002ರಲ್ಲಿ ರಚನೆಯಾಗಿ 2005ರಲ್ಲಿ ಜಾರಿಗೆ ಬಂತು. ಅದರ ಅಡಿ ಕೆಲಸ ಮಾಡುವ ಇಡಿ ಅಧಿಕಾರಿಗಳು ಪೊಲೀಸ್ ಅಧಿಕಾರಿಗಳಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ತೀರ್ಪು ನೀಡಿದೆ. ಹಾಗಿದ್ದರೂ ಅವರು ಶೋಧ ನಡೆಸುತ್ತಾರೆ, ಬಂಧಿಸುತ್ತಾರೆ, ಆಸ್ತಿ ಜಪ್ತಿ ಮಾಡುತ್ತಾರೆ, ಮತ್ತು ಇದಕ್ಕೆಲ್ಲ ರಾಜ್ಯದ ಸಮ್ಮತಿ ಬೇಕಿಲ್ಲ. ಆದರೆ ಇಡಿ ಶೂನ್ಯದಿಂದ ಪ್ರಕರಣ ಹುಟ್ಟಿಸುವಂತಿಲ್ಲ. ಅದಕ್ಕೆ ಮೊದಲೊಂದು ಮೂಲ ಅಪರಾಧ ಇರಬೇಕು, ಅದು ಬಹಳಷ್ಟು ಸಲ ರಾಜ್ಯದ ಠಾಣೆಯಲ್ಲೋ ಲೋಕಾಯುಕ್ತ ಪೊಲೀಸರಲ್ಲೋ ದಾಖಲಾದ ಎಫ್‌ಐಆರ್ ಆಗಿರುತ್ತದೆ. ರಾಜ್ಯದ ಪೊಲೀಸರು ತೆರೆದ ಕಡತದ ಹಿಂದೆಯೇ ಕೇಂದ್ರದ ಸಂಸ್ಥೆ ಬರುವುದು ಹೀಗೆ. ಮೂಲ ಪ್ರಕರಣ ರದ್ದಾದರೆ ಅಥವಾ ಆರೋಪಿ ಖುಲಾಸೆಯಾದರೆ ಇಡಿ ಪ್ರಕರಣವೂ ಬಿದ್ದುಹೋಗುತ್ತದೆ. ಆದಾಯ ತೆರಿಗೆ, ಕಸ್ಟಮ್ಸ್, ಮಾದಕವಸ್ತು ನಿಯಂತ್ರಣ ಸಂಸ್ಥೆಗಳೂ ತಮ್ಮ ತಮ್ಮ ಕೇಂದ್ರ ಕಾಯ್ದೆಗಳ ಬಲದಿಂದ ಸಮ್ಮತಿಯ ಗೊಡವೆಯಿಲ್ಲದೆ ಕೆಲಸ ಮಾಡುತ್ತವೆ.

ರಾಜ್ಯ ಕೇಳದಿದ್ದರೂ ಕೇಂದ್ರ ಸಿಆರ್‌ಪಿಎಫ್ ಕಳಿಸಬಹುದೇ?

ಸಂವಿಧಾನದ ಅಕ್ಷರ ನೋಡಿದರೆ ಕಳಿಸಬಹುದು. ನಡವಳಿಕೆ ನೋಡಿದರೆ ಕೇಳಿದಾಗಲೇ ಕಳಿಸುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ವಿವಾದದ ಹಿಂಸಾಚಾರ ಬೆಂಗಳೂರಿನಲ್ಲಿ ಭುಗಿಲೆದ್ದಾಗ ಬಂದ ಕ್ಷಿಪ್ರ ಕಾರ್ಯಪಡೆಯೂ ಸಿಆರ್‌ಪಿಎಫ್‌ನದೇ ಅಂಗ.

ಕೇಳದೆ ಕಳಿಸಿದ ಪ್ರಸಿದ್ಧ ಉದಾಹರಣೆ ಕೇರಳದ್ದು. 1968ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ನೌಕರರ ಮುಷ್ಕರದ ಸಂದರ್ಭದಲ್ಲಿ ಕೇಂದ್ರ ಕಚೇರಿಗಳ ರಕ್ಷಣೆಗೆಂದು ಸಿಆರ್‌ಪಿಎಫ್ ಬಂದಿಳಿದಾಗ ಇಎಂಎಸ್ ನಂಬೂದಿರಿಪಾಡ್ ಸರ್ಕಾರ ತೀವ್ರವಾಗಿ ಆಕ್ಷೇಪಿಸಿತು. ಆಗ ಈ ಬಗ್ಗೆ ಸಂವಿಧಾನದಲ್ಲಿ ಸ್ಪಷ್ಟ ಮಾತಿರಲಿಲ್ಲ. ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಎರಡು ಕೆಲಸ ಮಾಡಿತು: ನಾಗರಿಕ ಆಡಳಿತದ ನೆರವಿಗೆ ಕೇಂದ್ರದ ಸಶಸ್ತ್ರ ಪಡೆಗಳ ನಿಯೋಜನೆಯನ್ನು 2ಎ ನಮೂದಾಗಿ ಕೇಂದ್ರ ಪಟ್ಟಿಗೆ ಸೇರಿಸಿತು, ಮತ್ತು ಹಾಗೆ ಹೋದ ಪಡೆ ಕೇಂದ್ರದ ನಿಯಂತ್ರಣದಲ್ಲೇ ಇರುತ್ತದೆ ಎನ್ನುವ 257ಎ ವಿಧಿಯನ್ನು ತಂದಿತು. 44ನೇ ತಿದ್ದುಪಡಿ 257ಎ ವಿಧಿಯನ್ನು ಕಿತ್ತುಹಾಕಿತು. 2ಎ ನಮೂದು ಮಾತ್ರ ಉಳಿಯಿತು. ಕಳಿಸುವ ಅಧಿಕಾರ ಬರಹದಲ್ಲಿ ಉಳಿದು, ಕಳಿಸಿದ ಮೇಲೆ ಯಾರ ಮಾತು ನಡೆಯಬೇಕೆಂಬುದು ಅಸ್ಪಷ್ಟವಾಗಿಯೇ ಉಳಿದ ಬಗೆ ಇದು. ಸಾಧ್ಯವಾದಾಗಲೆಲ್ಲ ರಾಜ್ಯದೊಂದಿಗೆ ಸಮಾಲೋಚಿಸಿಯೇ ಪಡೆ ಕಳಿಸಬೇಕೆಂದು ಕೇಂದ್ರ-ರಾಜ್ಯ ಸಂಬಂಧಗಳ ಕುರಿತ ಸರ್ಕಾರಿಯಾ ಆಯೋಗ ಸಲಹೆ ನೀಡಿತ್ತು.

ಬಂದ ಕೇಂದ್ರ ಪಡೆ ಯಾರ ಮಾತು ಕೇಳುತ್ತದೆ?

ತುಕಡಿಯ ಒಳಗಿನ ಆಜ್ಞೆ ಅದರದೇ ಅಧಿಕಾರಿಗಳದ್ದು. ಎಲ್ಲಿ ನಿಲ್ಲಬೇಕು, ಯಾವ ರಸ್ತೆ ಕಾಯಬೇಕು, ಗುಂಪು ಚದುರಿಸಲು ಬಲ ಬಳಸಬೇಕೇ ಎಂಬ ತೀರ್ಮಾನ ಸಾಮಾನ್ಯವಾಗಿ ಸ್ಥಳೀಯ ಆಡಳಿತದ್ದು: ಜಿಲ್ಲೆಗಳಲ್ಲಿ ಮ್ಯಾಜಿಸ್ಟ್ರೇಟ್ ಮತ್ತು ಎಸ್‌ಪಿ, ಬೆಂಗಳೂರಿನಂತಹ ನಗರಗಳಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರವನ್ನೂ ಹೊಂದಿರುವ ಪೊಲೀಸ್ ಕಮಿಷನರ್. ಪ್ರಕರಣ ದಾಖಲಿಸುವುದು, ತನಿಖೆ ಮಾಡುವುದು ಊರಿನ ಠಾಣೆಯೇ. ನಿಯೋಜನೆಯ ವೆಚ್ಚವನ್ನೂ ಕೇಂದ್ರ ಸಾಮಾನ್ಯವಾಗಿ ರಾಜ್ಯದಿಂದ ವಸೂಲಿ ಮಾಡುತ್ತದೆ.

ಈ ಏರ್ಪಾಡು ಕೈಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 1992 ಉದಾಹರಣೆ. ಕೇಂದ್ರ ತಾನಾಗಿ ಕಳಿಸಿದ್ದ ಪಡೆಗಳು ಅಯೋಧ್ಯೆಯ ಸಮೀಪದಲ್ಲೇ ಬೀಡುಬಿಟ್ಟಿದ್ದವು, ಉತ್ತರ ಪ್ರದೇಶ ಸರ್ಕಾರ ಅದನ್ನು ಆಕ್ಷೇಪಿಸಿತ್ತು. ಬಾಬ್ರಿ ಮಸೀದಿ ಧ್ವಂಸವಾದ ಡಿಸೆಂಬರ್ 6ರಂದು ಅವು ಬಳಕೆಗೆ ಬರಲಿಲ್ಲ.

ಗಡಿ ಭದ್ರತಾ ಪಡೆಗೆ ಗಡಿಯಿಂದ 50 ಕಿಲೋಮೀಟರ್ ಒಳಗೆ ಅಧಿಕಾರ ಕೊಟ್ಟದ್ದೇಕೆ ವಿವಾದವಾಯಿತು?

2021ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಒಂದು ಅಧಿಸೂಚನೆ ಹೊರಡಿಸಿ ಪಂಜಾಬ್, ಪಶ್ಚಿಮ ಬಂಗಾಳ, ಅಸ್ಸಾಂಗಳಲ್ಲಿ ಈ ವ್ಯಾಪ್ತಿಯನ್ನು 15ರಿಂದ 50 ಕಿಲೋಮೀಟರಿಗೆ ಹೆಚ್ಚಿಸಿತು, ಗುಜರಾತಿನಲ್ಲಿ 80ರಿಂದ 50ಕ್ಕೆ ಇಳಿಸಿತು. ಶೋಧ, ವಶ, ಬಂಧನದ ಅಧಿಕಾರ ಪಡೆಗೆ ಸಿಗುತ್ತದೆ. ತನಿಖೆ ಮತ್ತು ಆರೋಪಪಟ್ಟಿ ರಾಜ್ಯ ಪೊಲೀಸರದ್ದೇ. ಪಂಜಾಬಿನಂತಹ ಚಿಕ್ಕ ರಾಜ್ಯದಲ್ಲಿ 50 ಕಿಲೋಮೀಟರ್ ಎಂದರೆ ಅಮೃತಸರದಂತಹ ನಗರವೂ ಅದರೊಳಗೆ ಬರುತ್ತದೆ. ಪಂಜಾಬ್ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕರ್ನಾಟಕಕ್ಕೆ ಬೇರೆ ದೇಶದೊಂದಿಗೆ ಭೂಗಡಿ ಇಲ್ಲದ ಕಾರಣ ಈ ಪ್ರಶ್ನೆ ಇಲ್ಲಿ ಏಳುವುದಿಲ್ಲ.

ಐಪಿಎಸ್ ಅಧಿಕಾರಿ ಯಾರ ನೌಕರ?

ಇಬ್ಬರದ್ದೂ. ಆಯ್ಕೆ ಯುಪಿಎಸ್‌ಸಿಯದು, ನೇಮಕ ಕೇಂದ್ರದ್ದು, ತರಬೇತಿ ಹೈದರಾಬಾದಿನ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಲ್ಲಿ. ಒಮ್ಮೆ ಕರ್ನಾಟಕ ಕೇಡರ್‌ಗೆ ಬಂದರೆ ಹುದ್ದೆ, ವರ್ಗಾವಣೆ, ದಿನನಿತ್ಯದ ನಿಯಂತ್ರಣ ರಾಜ್ಯದ್ದು. ರಾಜ್ಯ ಅಮಾನತು ಮಾಡಬಹುದು, ಆದರೆ ಸೇವೆಯಿಂದ ವಜಾ ಮಾಡುವ ಅಧಿಕಾರ ಕೇಂದ್ರದ ಬಳಿ ಇದೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತ ಸಂಭವಿಸಿದ ಮರುದಿನವೇ ರಾಜ್ಯ ಸರ್ಕಾರ ಬೆಂಗಳೂರು ಪೊಲೀಸ್ ಕಮಿಷನರ್ ಸಹಿತ ಹಲವು ಅಧಿಕಾರಿಗಳನ್ನು ಅಮಾನತುಗೊಳಿಸಿತು. ಅವರಲ್ಲಿ ಒಬ್ಬ ಐಪಿಎಸ್ ಅಧಿಕಾರಿ ಹೋದದ್ದು ಕೇಂದ್ರ ಆಡಳಿತಾತ್ಮಕ ನ್ಯಾಯಮಂಡಳಿಗೆ. ಜುಲೈ 1ರಂದು ಅದು ಅಮಾನತನ್ನು ರದ್ದುಪಡಿಸಿತು. ರಾಜ್ಯದ ಆದೇಶವನ್ನು ಕೇಂದ್ರ ಸೇವೆಗಳಿಗಾಗಿ ಇರುವ ನ್ಯಾಯಮಂಡಳಿ ಪರಿಶೀಲಿಸಿದ್ದರಲ್ಲಿ ಈ ಸೇವೆಯ ಎರಡು ಮುಖಗಳೂ ಒಟ್ಟಿಗೆ ಕಾಣುತ್ತವೆ.

ಅಧಿಕಾರಿಯನ್ನು ಕೇಂದ್ರದ ಸೇವೆಗೆ ಕಳಿಸುವ ವಿಷಯದಲ್ಲಿ ಭಿನ್ನಾಭಿಪ್ರಾಯ ಬಂದರೆ ಕೇಂದ್ರದ ನಿರ್ಧಾರವೇ ನಡೆಯಬೇಕೆಂದು 1954ರ ಕೇಡರ್ ನಿಯಮಗಳು ಹೇಳುತ್ತವೆ. ಕಾಗದದ ಮೇಲೆ ಇದು ಕೇಂದ್ರದ ಕೈಯಲ್ಲಿರುವ ಗಟ್ಟಿ ಹಿಡಿತ. ಆದರೂ 2020ರ ಡಿಸೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ಮೂವರು ಐಪಿಎಸ್ ಅಧಿಕಾರಿಗಳನ್ನು ಕೇಂದ್ರ ಕರೆಸಿಕೊಳ್ಳಲು ಹೊರಟಾಗ ರಾಜ್ಯ ಅವರನ್ನು ಬಿಡುಗಡೆ ಮಾಡಲು ಒಪ್ಪಲಿಲ್ಲ.

ಡಿಜಿಪಿಯನ್ನು ಆರಿಸುವುದು ಯಾರು?

ರಾಜ್ಯ ಸರ್ಕಾರ, ಆದರೆ ತನಗೆ ಬೇಕಾದವರನ್ನಲ್ಲ. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ 2006ರ ಸೆಪ್ಟೆಂಬರ್ 22ರಂದು ಸುಪ್ರೀಂ ಕೋರ್ಟ್ ನೀಡಿದ ನಿರ್ದೇಶನದಂತೆ ಯುಪಿಎಸ್‌ಸಿ ಸಿದ್ಧಪಡಿಸುವ ಮೂವರು ಹಿರಿಯ ಅಧಿಕಾರಿಗಳ ಪಟ್ಟಿಯಿಂದ ಒಬ್ಬರನ್ನು ಆರಿಸಬೇಕು, ಅವರಿಗೆ ಕನಿಷ್ಠ ಎರಡು ವರ್ಷದ ಅವಧಿ ಕೊಡಬೇಕು. ಅದೇ ತೀರ್ಪು ಎಸ್‌ಪಿ ಮತ್ತು ಠಾಣಾಧಿಕಾರಿಗಳಿಗೂ ಎರಡು ವರ್ಷದ ಭದ್ರತೆ ಹೇಳಿತ್ತು. ಅದು ಎಷ್ಟರ ಮಟ್ಟಿಗೆ ಪಾಲನೆಯಾಗುತ್ತಿದೆ ಎಂದು ತಿಳಿಯಬೇಕಾದವರು ತಮ್ಮೂರಿನ ಠಾಣೆಯ ಗೋಡೆಯ ಮೇಲೆ ಬರೆದಿರುವ ಹಿಂದಿನ ಇನ್‌ಸ್ಪೆಕ್ಟರುಗಳ ಹೆಸರು ಮತ್ತು ಅವಧಿಯ ಫಲಕವನ್ನು ಒಮ್ಮೆ ಓದಬಹುದು. ರಾಜ್ಯಗಳ ಹಕ್ಕಿನ ಬಗ್ಗೆ ಮಾತಾಡುವ ಸರ್ಕಾರಗಳು ಈ ಫಲಕಕ್ಕೂ ಉತ್ತರ ಹೇಳಬೇಕಲ್ಲವೇ?

ರೈಲಿನಲ್ಲಿ ಬ್ಯಾಗು ಕಳವಾದರೆ ದೂರು ಯಾರಿಗೆ?

ರಾಜ್ಯದ ರೈಲ್ವೆ ಪೊಲೀಸರಿಗೆ. ನಿಲ್ದಾಣದಲ್ಲಿ ಎರಡು ಸಮವಸ್ತ್ರ ಕಾಣಿಸುವುದರಿಂದ ಪ್ರಯಾಣಿಕರಿಗೆ ಗೊಂದಲವಾಗುವುದು ಸಹಜ. ಆರ್‌ಪಿಎಫ್ 1957ರ ಕಾಯ್ದೆಯಡಿ ಇರುವ ಕೇಂದ್ರದ ಪಡೆ. ರೈಲ್ವೆ ಆಸ್ತಿಯ ರಕ್ಷಣೆ, ಪ್ರಯಾಣಿಕರ ಸುರಕ್ಷತೆ, ಸುಮ್ಮಸುಮ್ಮನೆ ಚೈನು ಎಳೆಯುವಂತಹ ರೈಲ್ವೆ ಕಾಯ್ದೆಯ ಅಪರಾಧಗಳು ಅದರ ಪಾಲು. ಕಳವು, ಸುಲಿಗೆ, ಹಲ್ಲೆ, ಹಳಿಯ ಮೇಲಿನ ಅಸಹಜ ಸಾವು ರಾಜ್ಯದ ರೈಲ್ವೆ ಪೊಲೀಸರದ್ದು. ಇವರ ವೆಚ್ಚವನ್ನು ರೈಲ್ವೆಯೂ ರಾಜ್ಯವೂ ಅರ್ಧರ್ಧ ಹಂಚಿಕೊಳ್ಳುತ್ತವೆ. ಅರಸೀಕೆರೆ ದಾಟಿದ ಮೇಲೆ ಕಳವು ಗೊತ್ತಾಗಿ ನೀವು ಬೆಂಗಳೂರಿನಲ್ಲಿ ಇಳಿದರೂ ದೂರು ಅಲ್ಲೇ ಕೊಡಬಹುದು. ಶೂನ್ಯ ಎಫ್‌ಐಆರ್ ದಾಖಲಿಸಿ ಸಂಬಂಧಪಟ್ಟ ಠಾಣೆಗೆ ಕಳಿಸುವುದು ಅವರ ಕರ್ತವ್ಯ.

ವಿಮಾನ ನಿಲ್ದಾಣ ಮತ್ತು ಇನ್ಫೋಸಿಸ್ ಆವರಣದಲ್ಲಿ ಸಿಐಎಸ್‌ಎಫ್ ಇರುವುದೇಕೆ?

ಕೈಗಾರಿಕಾ ಭದ್ರತೆಗೆಂದು 1969ರಲ್ಲಿ ಆರಂಭವಾದ ಈ ಪಡೆ ಕಾವಲಿನ ಪಡೆಯೇ ಹೊರತು ತನಿಖೆಯ ಪಡೆಯಲ್ಲ. ಮುಂಬೈ ದಾಳಿಯ ನಂತರ 2009ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಖಾಸಗಿ ಸಂಸ್ಥೆಗಳೂ ಹಣ ತೆತ್ತು ಅದರ ಸೇವೆ ಪಡೆಯುವಂತಾಯಿತು. ಕೆಂಪೇಗೌಡ ವಿಮಾನ ನಿಲ್ದಾಣದ ತಪಾಸಣಾ ಸಾಲಿನಲ್ಲಿ ಯಾರನ್ನಾದರೂ ತಡೆದರೆ ಅವರನ್ನು ಮುಂದಿನ ಕ್ರಮಕ್ಕೆ ಒಪ್ಪಿಸುವುದು ರಾಜ್ಯದ ಪೊಲೀಸ್ ಠಾಣೆಗೇ.

ಒಂದು ರಾಜ್ಯದ ಪೊಲೀಸರು ಇನ್ನೊಂದು ರಾಜ್ಯಕ್ಕೆ ಹೋಗಿ ಬಂಧಿಸಬಹುದೇ?

ಬಂಧಿಸಬಹುದು. ಆರೋಪಿಯನ್ನು ಭಾರತದ ಯಾವುದೇ ಸ್ಥಳದವರೆಗೆ ಬೆನ್ನಟ್ಟಲು ವಿಚಾರಣಾ ಕಾನೂನು ಅವಕಾಶ ಕೊಡುತ್ತದೆ. ಆದರೆ ಸ್ಥಳೀಯ ಠಾಣೆಗೆ ತಿಳಿಸುವುದು, ಬಂಧಿಸಿದವರನ್ನು ದೂರ ಕರೆದೊಯ್ಯಬೇಕಿದ್ದರೆ ಅಲ್ಲಿನ ಮ್ಯಾಜಿಸ್ಟ್ರೇಟರಿಂದ ಟ್ರಾನ್ಸಿಟ್ ರಿಮಾಂಡ್ ಪಡೆಯುವುದು ಸರಿಯಾದ ಕ್ರಮ. ಅದನ್ನು ಕಡೆಗಣಿಸಿದರೆ ಏನಾಗಬಹುದು ಎಂಬುದನ್ನು 2022ರ ಮೇ ತಿಂಗಳಲ್ಲಿ ದೇಶ ನೋಡಿತು. ಪಂಜಾಬ್ ಪೊಲೀಸರು ದೆಹಲಿಯಲ್ಲಿ ಒಬ್ಬ ರಾಜಕೀಯ ಮುಖಂಡರನ್ನು ಬಂಧಿಸಿ ಕರೆದೊಯ್ಯುತ್ತಿದ್ದಾಗ ಹರಿಯಾಣದ ಕುರುಕ್ಷೇತ್ರದಲ್ಲಿ ಅಲ್ಲಿನ ಪೊಲೀಸರು ತಡೆದು ನಿಲ್ಲಿಸಿದರು. ಅಷ್ಟರಲ್ಲಿ ಅಪಹರಣದ ಪ್ರಕರಣ ದಾಖಲಿಸಿಕೊಂಡಿದ್ದ ದೆಹಲಿ ಪೊಲೀಸರು ಬಂದು ಅವರನ್ನು ವಾಪಸ್ ಕರೆದೊಯ್ದರು. ಮೂರು ಸರ್ಕಾರಗಳ ಮೂರು ಪೊಲೀಸರು, ಒಂದೇ ಹೆದ್ದಾರಿಯಲ್ಲಿ, ಒಂದೇ ದಿನ.

ಸಹಕಾರ ಇದ್ದಾಗಲೂ ರಾಜ್ಯದ ಗಡಿ ಕಾಡುತ್ತದೆ. ವೀರಪ್ಪನ್ ಬೇಟೆಯಲ್ಲಿ ಕರ್ನಾಟಕ ಮತ್ತು ತಮಿಳುನಾಡುಗಳ ವಿಶೇಷ ಕಾರ್ಯಪಡೆಗಳು ಮಲೆ ಮಹದೇಶ್ವರ ಬೆಟ್ಟದಿಂದ ಸತ್ಯಮಂಗಲದವರೆಗಿನ ಕಾಡಿನಲ್ಲಿ ವರ್ಷಗಟ್ಟಲೆ ದುಡಿದವು; ಒಂದು ಹಂತದಲ್ಲಿ ಗಡಿ ಭದ್ರತಾ ಪಡೆಯನ್ನೂ ಕರೆಸಲಾಯಿತು. 2000ದ ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣವಾದ ಗಾಜನೂರು ಇರುವುದು ತಮಿಳುನಾಡಿನಲ್ಲಿ; ಜನರ ಆಕ್ರೋಶ ಎದುರಿಸಬೇಕಾಗಿದ್ದು ಹೆಚ್ಚಾಗಿ ಕರ್ನಾಟಕ ಸರ್ಕಾರ. 108 ದಿನಗಳ ಆ ಸಂಧಾನದಲ್ಲಿ ಎರಡೂ ರಾಜ್ಯಗಳು ಜೊತೆಯಾಗಿ ನಡೆಯದೆ ಬೇರೆ ದಾರಿ ಇರಲಿಲ್ಲ. ಕಾರ್ಯಪಡೆಗಳಿಂದ ಕಾಡಂಚಿನ ಹಳ್ಳಿಗರ ಮೇಲೆ ದೌರ್ಜನ್ಯವಾಯಿತೆಂಬ ದೂರುಗಳನ್ನು ವಿಚಾರಿಸಲು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ನೇತೃತ್ವದ ಸಮಿತಿಯನ್ನು ನೇಮಿಸಬೇಕಾಯಿತು. ಜಂಟಿ ಕಾರ್ಯಾಚರಣೆಯಲ್ಲಿ ಕೀರ್ತಿಯನ್ನು ಹಂಚಿಕೊಳ್ಳುವಷ್ಟು ಸಲೀಸಾಗಿ ಹೊಣೆಯನ್ನು ಹಂಚಿಕೊಳ್ಳುವುದಿಲ್ಲ.

ದೆಹಲಿ ಪೊಲೀಸರು ಅಲ್ಲಿನ ಮುಖ್ಯಮಂತ್ರಿಯ ಮಾತು ಕೇಳಬೇಕಿಲ್ಲವೇ?

ಇಲ್ಲ. 239ಎಎ ವಿಧಿಯು ಪೊಲೀಸ್, ಸಾರ್ವಜನಿಕ ಸುವ್ಯವಸ್ಥೆ ಮತ್ತು ಭೂಮಿಯನ್ನು ದೆಹಲಿ ವಿಧಾನಸಭೆಯ ವ್ಯಾಪ್ತಿಯಿಂದ ಹೊರಗಿಟ್ಟಿದೆ. ದೆಹಲಿ ಪೊಲೀಸ್ ಇರುವುದು ಕೇಂದ್ರ ಗೃಹ ಸಚಿವಾಲಯದ ಅಧೀನದಲ್ಲಿ. 2019ರ ಪುನರ್ವಿಂಗಡಣೆಯ ನಂತರ ಜಮ್ಮು ಮತ್ತು ಕಾಶ್ಮೀರ ವಿಧಾನಸಭೆಗೂ ಪೊಲೀಸ್ ಮತ್ತು ಸುವ್ಯವಸ್ಥೆಯ ಮೇಲೆ ಅಧಿಕಾರ ಉಳಿದಿಲ್ಲ.

ಚುನಾವಣೆಯ ಸಮಯದಲ್ಲಿ ಏನು ಬದಲಾಗುತ್ತದೆ?

1951ರ ಪ್ರಜಾಪ್ರತಿನಿಧಿ ಕಾಯ್ದೆಯ 28ಎ ಕಲಂ ಪ್ರಕಾರ ಚುನಾವಣಾ ಕೆಲಸಕ್ಕೆ ನೇಮಕವಾದ ಪೊಲೀಸರು ಅಧಿಸೂಚನೆಯ ದಿನದಿಂದ ಫಲಿತಾಂಶ ಘೋಷಣೆಯವರೆಗೆ ಚುನಾವಣಾ ಆಯೋಗದ ನಿಯೋಜನೆಯಲ್ಲಿ ಇದ್ದಂತೆ. ಎಸ್‌ಪಿ, ಕಮಿಷನರ್‌ಗಳನ್ನು ಆಯೋಗ ರಾತ್ರೋರಾತ್ರಿ ಬದಲಿಸುವುದು ಇದರ ಬಲದಿಂದಲೇ.

ಆನ್‌ಲೈನ್ ವಂಚನೆಗೆ 1930ಕ್ಕೆ ಕರೆ ಮಾಡಿದರೆ ಅದು ಕೇಂದ್ರದ ಪೊಲೀಸರಿಗೆ ಹೋಗುತ್ತದೆಯೇ?

ಸಹಾಯವಾಣಿಯ ಜಾಲವನ್ನು ಕೇಂದ್ರ ರೂಪಿಸಿದೆ. ಕರೆ ಸ್ವೀಕರಿಸಿ ಬ್ಯಾಂಕಿನಲ್ಲಿ ಹಣ ತಡೆಹಿಡಿಸುವುದು, ಮುಂದೆ ಪ್ರಕರಣ ನಡೆಸುವುದು ರಾಜ್ಯದ ಪೊಲೀಸರು. ಹಣ ಮರಳಿ ಬರದಿದ್ದಾಗ ದೆಹಲಿಗೆ ಪತ್ರ ಬರೆಯುವ ಬದಲು ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳ) ಠಾಣೆಯನ್ನು ವಿಚಾರಿಸುವುದೇ ಸರಿ.

ಇದು ಕೇಂದ್ರದ ವಿಷಯ ಎಂದು ಠಾಣೆಯವರು ನನ್ನ ದೂರನ್ನು ವಾಪಸ್ ಕಳಿಸಬಹುದೇ?

ಕಳಿಸುವಂತಿಲ್ಲ. ಸಂಜ್ಞೇಯ ಅಪರಾಧದ, ಅಂದರೆ ಪೊಲೀಸರು ವಾರಂಟ್ ಇಲ್ಲದೆ ಬಂಧಿಸಬಹುದಾದ ಅಪರಾಧದ, ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿದೆ. ಎನ್‌ಐಎ ಕಾಯ್ದೆಯೇ ಮೊದಲು ಠಾಣೆಯಲ್ಲಿ ಪ್ರಕರಣ ದಾಖಲಾಗುತ್ತದೆ ಎಂದು ಭಾವಿಸಿಕೊಂಡು ರಚನೆಯಾಗಿದ್ದು, ಎನ್‌ಐಎ ತನಿಖೆ ಕೈಗೆತ್ತಿಕೊಳ್ಳುವವರೆಗೂ ತನಿಖೆ ಮುಂದುವರಿಸುವುದು ಠಾಣಾಧಿಕಾರಿಯ ಕರ್ತವ್ಯವೆಂದು ಸ್ಪಷ್ಟವಾಗಿ ಹೇಳುತ್ತದೆ. ಠಾಣೆಯಲ್ಲಿ ದೂರು ತೆಗೆದುಕೊಳ್ಳದಿದ್ದರೆ ಅದರ ಸಾರಾಂಶವನ್ನು ಲಿಖಿತವಾಗಿ, ಅಂಚೆಯ ಮೂಲಕವಾದರೂ, ಎಸ್‌ಪಿಗೆ ಕಳಿಸಿ, ನಗರಗಳಲ್ಲಾದರೆ ಡಿಸಿಪಿಗೆ. ಅದೂ ಫಲಿಸದಿದ್ದರೆ ನಾಗರಿಕ ಸುರಕ್ಷಾ ಸಂಹಿತೆಯ 175ನೇ ಕಲಂ ಅಡಿ ಮ್ಯಾಜಿಸ್ಟ್ರೇಟರಿಗೆ ಪ್ರಮಾಣಪತ್ರದೊಂದಿಗೆ ಅರ್ಜಿ ಹಾಕಬಹುದು. ಎಸ್‌ಪಿಗೆ ಕಳಿಸಿದ ದೂರಿನ ಪ್ರತಿ ಮತ್ತು ಅಂಚೆ ರಸೀದಿಯನ್ನು ಆ ಅರ್ಜಿಗೆ ಲಗತ್ತಿಸಬೇಕಾಗುವುದರಿಂದ ಅವನ್ನು ಜೋಪಾನವಾಗಿ ಇಟ್ಟುಕೊಂಡಿರಿ.